ಮನೆ ಅದೇ, ಶಾಲೆ ಬೇರೆ

"ನಮ್ಮ ಬೀದೀನ ಬೇರೆ ಶಾಲೆಗೆ ಸೇರಿಸ್ತಾರಂತೆ. ಈ ಶಾಲೆಗೋಸ್ಕರಾನೇ ಇಲ್ಲಿ ಮನೆ ತಗೊಂಡಿದ್ದು ನಾವು. ಈಗೇನ್ ಮಾಡೋದು?" ಟೆಕ್ಸಸ್‌ನ ಶಾಲೆಗಳಲ್ಲಿ ಕೌನ್ಸೆಲರ್ ಆಗಿರುವ ನನಗೆ, ಚಳಿಗಾಲ ಶುರುವಾಗುವ ಹೊತ್ತಿಗೆ ಕನ್ನಡದ ಅಪ್ಪ ಅಮ್ಮಂದಿರಿಂದ ಬರುವ ಫೋನುಗಳಲ್ಲಿ ಈ ಮಾತು ಇದ್ದೇ ಇರುತ್ತದೆ. ಮುಂದಿನ ಆಗಸ್ಟಿಗೆ ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಎಂದು ಬಹಳಷ್ಟು ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಚರ್ಚಿಸುವುದು ಆಗಲೇ. ಆತಂಕ ಸಹಜ. ಊರು ಬಿಟ್ಟು ಬಂದು, ಮೂವತ್ತು ವರ್ಷದ ಸಾಲ ಹೊತ್ತು ಕೊಂಡ ಮನೆ ಅದು. ಆದರೆ ಆ ಆತಂಕದೊಳಗೆ ಎರಡು ಎಳೆಗಳು ಸಿಕ್ಕುಹಾಕಿಕೊಂಡಿರುತ್ತವೆ. ಒಂದು ದೊಡ್ಡವರದು, ಇನ್ನೊಂದು ಮಗುವಿನದು. ಬಿಡಿಸಿಕೊಂಡು ನೋಡಿದರೆ ಯಾವುದಕ್ಕೆ ಏನು ಮಾಡಬೇಕೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಗಡಿಯ ವಿಷಯ ಹೇಳುತ್ತೇನೆ. ಇಲ್ಲಿ ಗಡಿಗಳು ಎರಡು. ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಹೆಚ್ಚಿನವಕ್ಕೆ ಮತದಾರರೇ ಆರಿಸಿದ ಬೋರ್ಡ್ ಇರುತ್ತದೆ. ಟೆಕ್ಸಸ್‌ನಲ್ಲಂತೂ ನೀವು ಕಟ್ಟುವ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ದೊಡ್ಡ ಪಾಲು ಈ ಡಿಸ್ಟ್ರಿಕ್ಟಿನದು. ಡಿಸ್ಟ್ರಿಕ್ಟಿನ ಹೊರಗಡಿ ಅಲುಗಾಡುವುದು ತೀರಾ ಅಪರೂಪ. ಅದರೊಳಗೆ ಯಾವ ಬೀದಿ ಯಾವ ಶಾಲೆಗೆ ಎಂದು ಬೋರ್ಡ್ ಎಳೆಯುವ ಗೆರೆ ಇದೆಯಲ್ಲ, ಅಟೆಂಡೆನ್ಸ್ ಝೋನ್, ಅದು ಬದಲಾಗುತ್ತಲೇ ಇರುತ್ತದೆ. ಗೆರೆ ಸರಿದರೂ ತೆರಿಗೆ ಹೋಗುವುದು ಅದೇ ಡಿಸ್ಟ್ರಿಕ್ಟಿಗೆ. ಪಠ್ಯಕ್ರಮ, ಶಿಕ್ಷಕರ ಸಂಬಳದ ಶ್ರೇಣಿ, ಬಸ್ಸಿನ ವಿಭಾಗ, ಶಾಲಾ ಕ್ಯಾಲೆಂಡರ್ ಎಲ್ಲವೂ ಅವೇ. ಇಷ್ಟು ತಿಳಿದ ಮೇಲೆ ಅರ್ಧ ಭಯ ಇಳಿಯುವುದನ್ನು ನಾನು ಕಂಡಿದ್ದೇನೆ.

ಮನೆ ಕೊಳ್ಳುವಾಗ ಬಿಲ್ಡರ್ ಹಾಕಿದ ಬೋರ್ಡಿನಲ್ಲೋ ಲಿಸ್ಟಿಂಗ್‌ನಲ್ಲೋ ಕಂಡ ಶಾಲೆಯ ಹೆಸರು ಆ ದಿನದ ಮಟ್ಟಿಗೆ ನಿಜ. ಮುಂದೆಯೂ ಅದೇ ಇರುತ್ತದೆಂದು ಡಿಸ್ಟ್ರಿಕ್ಟ್ ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಈಗ ಮನೆ ಹುಡುಕುತ್ತಿರುವವರು ಡಿಸ್ಟ್ರಿಕ್ಟಿನದೇ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ಶಾಲೆ ಯಾವುದೆಂದು ನೋಡಿಕೊಳ್ಳಿ. ಪಕ್ಕದ ಖಾಲಿ ಜಾಗಗಳಲ್ಲಿ ಎಷ್ಟು ಮನೆ ಬರಲಿವೆ ಎಂದೂ ವಿಚಾರಿಸಿ. ಗೆರೆ ಮುಂದೆ ಎತ್ತ ಸರಿಯಬಹುದು ಎನ್ನುವುದರ ಸುಳಿವು ಅಲ್ಲಿರುತ್ತದೆ.

ಗೆರೆ ಸರಿಯುವುದಾದರೂ ಯಾಕೆ? ನಮ್ಮವರು ಬಹಳ ಮಂದಿ ನೆಲೆಸಿರುವ ಟೆಕ್ಸಸ್‌ನ ಫ್ರಿಸ್ಕೊವನ್ನೇ ನೋಡಿ. 2000ರಲ್ಲಿ ಆ ಡಿಸ್ಟ್ರಿಕ್ಟಿನಲ್ಲಿ ಹತ್ತು ಸಾವಿರ ಮಕ್ಕಳೂ ಇರಲಿಲ್ಲ. 2020ರ ಹೊತ್ತಿಗೆ ಅರವತ್ತು ಸಾವಿರ ದಾಟಿದ್ದರು. ಹೊಸ ಶಾಲೆ ಬಾಗಿಲು ತೆರೆದಾಗಲೆಲ್ಲ ಅಕ್ಕಪಕ್ಕದ ಶಾಲೆಗಳಿಂದ ಮಕ್ಕಳನ್ನು ತಂದು ತುಂಬಿಸಬೇಕಿತ್ತು, ಗೆರೆ ಸರಿಯುತ್ತಿತ್ತು. ಈಗ ಗಾಳಿ ತಿರುಗಿದೆ. 2007ರಲ್ಲಿ ಅಮೆರಿಕದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದ್ದರು, 2023ರಲ್ಲಿ ಹುಟ್ಟಿದವರು ಸುಮಾರು 36 ಲಕ್ಷ. ಮನೆಗಳ ಬೆಲೆ ಏರಿದ ಹಳೆಯ ಬಡಾವಣೆಗಳಿಗೆ ಚಿಕ್ಕ ಮಕ್ಕಳಿರುವ ಸಂಸಾರಗಳು ಬರುವುದು ಕಡಿಮೆಯಾಗಿದೆ. ಪಕ್ಕದ ಪ್ಲೇನೊ ಡಿಸ್ಟ್ರಿಕ್ಟಿನ ಬೋರ್ಡ್ 2024ರ ಜೂನ್‌ನಲ್ಲಿ ನಾಲ್ಕು ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಅಷ್ಟು ಬೆಳೆದ ಫ್ರಿಸ್ಕೊ ಕೂಡ 2024-25ರ ಶಾಲಾ ವರ್ಷ ಮುಗಿದ ಮೇಲೆ ಸ್ಟೇಲಿ ಮಿಡ್ಲ್ ಸ್ಕೂಲನ್ನು ಮುಚ್ಚಿತು. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಇಡೀ ಡಿಸ್ಟ್ರಿಕ್ಟಿನ ಗಡಿಗಳನ್ನು ಒಟ್ಟಾಗಿ ಮರುಪರಿಶೀಲಿಸಿ ಸುಮಾರು ನಲವತ್ತು ವರ್ಷವಾಗಿತ್ತು. 2024ರ ಜುಲೈಯಲ್ಲಿ ಅಲ್ಲಿನ ಬೋರ್ಡ್ ಇನ್ನು ಮುಂದೆ ಐದು ವರ್ಷಕ್ಕೊಮ್ಮೆ ಈ ಕೆಲಸ ಆಗಲೇಬೇಕೆಂದು ನೀತಿ ಮಾಡಿತು. ನಿಮ್ಮ ಮಗು ಕಿಂಡರ್‌ಗಾರ್ಟನ್‌ನಿಂದ ಹೈಸ್ಕೂಲ್ ಮುಗಿಸುವ ಹದಿಮೂರು ವರ್ಷಗಳಲ್ಲಿ ಒಮ್ಮೆಯಾದರೂ ಈ ಪ್ರಶ್ನೆ ಎದುರಾಗುತ್ತದೆ ಎಂದುಕೊಂಡೇ ಇರುವುದು ಕ್ಷೇಮ.

ಇನ್ನು ದೊಡ್ಡವರ ಆತಂಕ: ಮನೆಯ ಬೆಲೆ ಮತ್ತು ಶಾಲೆಯ ರೇಟಿಂಗ್. ಶಾಲೆಗೂ ಮನೆಯ ಬೆಲೆಗೂ ಸಂಬಂಧ ಇದ್ದೇ ಇದೆ. ಅರ್ಥಶಾಸ್ತ್ರಜ್ಞೆ ಸ್ಯಾಂಡ್ರಾ ಬ್ಲ್ಯಾಕ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಇಂದಿಗೂ ಆಧಾರ. ಬಾಸ್ಟನ್ನಿನ ಉಪನಗರಗಳಲ್ಲಿ ಅಟೆಂಡೆನ್ಸ್ ಗೆರೆಯ ಆಚೆ ಈಚೆ ಇರುವ, ಬೇರೆಲ್ಲ ರೀತಿಯಲ್ಲೂ ಒಂದೇ ತೆರನಾದ ಮನೆಗಳನ್ನು ಅವರು ಹೋಲಿಸಿದರು. ಪರೀಕ್ಷೆಯ ಅಂಕ ಶೇಕಡ 5ರಷ್ಟು ಹೆಚ್ಚಿದ್ದ ಶಾಲೆಗಾಗಿ ಜನ ಶೇಕಡ 2.5ರಷ್ಟು ಹೆಚ್ಚು ಬೆಲೆ ಕೊಡುತ್ತಿದ್ದರು. ಅದಕ್ಕೆ ಮುಂಚಿನ ವಿಧಾನಗಳಲ್ಲಿ ಲೆಕ್ಕ ಹಾಕಿದರೆ ಬರುತ್ತಿದ್ದ ವ್ಯತ್ಯಾಸ ಇದರ ಸುಮಾರು ಎರಡರಷ್ಟು. ಅಂದರೆ ಪರಿಣಾಮ ಉಂಟು, ಆದರೆ ವಾಟ್ಸ್ಯಾಪ್ ಗುಂಪುಗಳಲ್ಲಿ ಹೆದರಿಸುವಷ್ಟಿಲ್ಲ.

ರೇಟಿಂಗ್ ವಿಷಯದಲ್ಲಿ ನಾನು ಇನ್ನೂ ಖಂಡಿತವಾಗಿ ಮಾತಾಡುತ್ತೇನೆ. ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಆರು ಎಂಬ ಅಂಕಿಗಳ ಹಿಂದೆ ಇರುವುದು ಬಹುಮಟ್ಟಿಗೆ ಪರೀಕ್ಷೆಯ ಸರಾಸರಿ. ಆ ಸರಾಸರಿ ತಂದೆತಾಯಿಯರ ಆದಾಯವನ್ನೂ ಓದನ್ನೂ ಹಿಂಬಾಲಿಸುತ್ತದೆ. ಸ್ಟ್ಯಾನ್‌ಫರ್ಡಿನ ಶಾನ್ ರಿಯರ್ಡನ್ ಮತ್ತು ಸಂಗಡಿಗರು ದೇಶದುದ್ದಕ್ಕೂ ಶಾಲೆಗಳ ಅಂಕಗಳನ್ನು ಕೂಡಿಹಾಕಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡಿದ್ದಾರೆ. ಮಕ್ಕಳ ಅಂಕ ಈಗ ಯಾವ ಮಟ್ಟದಲ್ಲಿದೆ ಎನ್ನುವುದು ಒಂದು, ವರ್ಷದಿಂದ ವರ್ಷಕ್ಕೆ ಎಷ್ಟು ಕಲಿಯುತ್ತಿದ್ದಾರೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೂ ಕುಟುಂಬದ ಸ್ಥಿತಿಗತಿಗೂ ಗಾಢ ನಂಟಿದೆ, ಎರಡನೆಯದಕ್ಕೆ ಆ ನಂಟು ಬಹಳ ಸಡಿಲ. ಸರಾಸರಿ ಕಡಿಮೆ ಇದ್ದೂ ಮಕ್ಕಳನ್ನು ಚೆನ್ನಾಗಿ ಮುಂದೊಯ್ಯುವ ಶಾಲೆಗಳು ಬೇಕಾದಷ್ಟಿವೆ. ಹೊಸ ಶಾಲೆಯ ಬಗ್ಗೆ ವಿಚಾರಿಸುವಾಗ ಈ ಎರಡನೆಯ ಅಂಕಿಯನ್ನು ಕೇಳಿ. ಪ್ರಿನ್ಸಿಪಾಲರು ಎಷ್ಟು ವರ್ಷದಿಂದ ಇದ್ದಾರೆ, ಶಿಕ್ಷಕರು ಉಳಿಯುತ್ತಿದ್ದಾರೋ ಬಿಟ್ಟು ಹೋಗುತ್ತಿದ್ದಾರೋ ಎಂದೂ ಕೇಳಿ.

ಶಾಲೆಯ ಹೆಸರು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ 2000ದ ಸುಮಾರಿಗೆ ವೈಬಲ್ ಎಲಿಮೆಂಟರಿ ಭಾಗದ ಮಕ್ಕಳನ್ನು ಹೆಸರಾಂತ ಮಿಷನ್ ಸ್ಯಾನ್ ಹೋಸೆ ಹೈಸ್ಕೂಲಿನಿಂದ ಅರ್ವಿಂಗ್ಟನ್ ಹೈಸ್ಕೂಲಿಗೆ ಬದಲಿಸುವ ತೀರ್ಮಾನವಾದಾಗ ದೊಡ್ಡ ಗಲಾಟೆಯೇ ಆಯಿತು. ಬೇರೆ ಡಿಸ್ಟ್ರಿಕ್ಟ್ ಆಗಿಯೇ ಒಡೆದುಕೊಳ್ಳಲು ಕೆಲವು ಪೋಷಕರು ಪ್ರಯತ್ನಿಸಿದರು. ಅವರಲ್ಲಿ ಏಷ್ಯಾ ಮೂಲದ ಕುಟುಂಬಗಳೇ ಹೆಚ್ಚು. ಇವತ್ತು ಅದೇ ಅರ್ವಿಂಗ್ಟನ್ ಹೈಸ್ಕೂಲಿಗಾಗಿ ಮನೆ ಹುಡುಕುವ ನಮ್ಮವರನ್ನು ನೋಡುತ್ತೇನೆ.

ಮಗುವಿನ ಆತಂಕದ ಜಾಡೇ ಬೇರೆ. ಶಾಲೆ ಬದಲಾಗಲಿದ್ದ ನಾಲ್ಕನೇ ತರಗತಿಯ ಹುಡುಗನೊಬ್ಬ ನನ್ನ ಕೋಣೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತಿದ್ದ. ಕೊನೆಗೆ ಕೇಳಿದ್ದು ಒಂದೇ: "ಅಲ್ಲಿ ಬಾತ್‌ರೂಮ್ ಎಲ್ಲಿದೆ ಅಂತ ಯಾರನ್ನ ಕೇಳಬೇಕು?" ಅವನ ಮನೆಯಲ್ಲಿ ತಿಂಗಳುಗಟ್ಟಲೆ ನಡೆದಿದ್ದ ಚರ್ಚೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಯಾರ ಪಕ್ಕ ಕೂರುವುದು, ಡಬ್ಬಿಯಲ್ಲಿ ಚಿತ್ರಾನ್ನ ಒಯ್ದರೆ ಯಾರೂ ಮೂಗು ಮುರಿಯದ ಊಟದ ಟೇಬಲ್ ಅಲ್ಲಿ ಸಿಗುತ್ತದೋ ಇಲ್ಲವೋ, ಆರು ತಿಂಗಳಿಗೆಂದು ಬರುವ ಅಜ್ಜ ಈಗಿನ ಹಾಗೆ ನಡೆದುಕೊಂಡೇ ಬಂದು ಕರೆದೊಯ್ಯಬಹುದೋ ಇಲ್ಲವೋ. ಮಕ್ಕಳ ಪ್ರಶ್ನೆಗಳು ಇಂಥವು, ಮತ್ತು ಇವೆಲ್ಲಕ್ಕೂ ಉತ್ತರ ಹುಡುಕಿ ಕೊಡಬಹುದು. ಆದ್ದರಿಂದ ಮಗುವಿಗೆ ಧೈರ್ಯ ಹೇಳುವ ಮೊದಲು "ನಿಂಗೇನನ್ನಿಸ್ತಿದೆ?" ಎಂದು ಕೇಳಿ, ಅದು ಹೇಳಿ ಮುಗಿಸುವ ತನಕ ಕಾಯಿರಿ.

ಒಂದು ಮಾತನ್ನು ನೇರವಾಗಿ ಹೇಳಬೇಕು. ಗಡಿಯ ಚರ್ಚೆ ಬಿಸಿಯಾದಾಗ ನಮ್ಮ ಮನೆಗಳಲ್ಲಿ "ಆ ಅಪಾರ್ಟ್‌ಮೆಂಟಿನ ಮಕ್ಕಳು", "ಆ ಕಡೆಯವರು" ಎಂಬ ಮಾತು ಬರುತ್ತದೆ. ಮಗು ಪಕ್ಕದ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿರುತ್ತದೆ. ಆಗಸ್ಟಿನಲ್ಲಿ ಅದೇ ಮಕ್ಕಳ ಜೊತೆ ಬೆಂಚು ಹಂಚಿಕೊಳ್ಳಬೇಕಾದಾಗ, ಅಪ್ಪ ಅಮ್ಮ ಕೆಟ್ಟದೆಂದ ಜಾಗಕ್ಕೆ ತಾನು ಬಂದು ಬಿದ್ದೆ ಎಂಬ ಭಾವನೆಯನ್ನು ಹೊತ್ತೇ ಒಳಗೆ ಹೋಗುತ್ತದೆ. ಈ ದೇಶದಲ್ಲಿ ಶಾಲೆಯ ಗೆರೆಗಳಿಗೆ ನೋವಿನ ಚರಿತ್ರೆ ಇದೆ. ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಅನೇಕ ಊರುಗಳು ಗೆರೆ ಎಳೆಯುವ ಜಾಣತನದಿಂದಲೇ ಆ ಬೇರ್ಪಡಿಕೆಯನ್ನು ಉಳಿಸಿಕೊಂಡವು. 1971ರಲ್ಲಿ ಅದೇ ಕೋರ್ಟ್, ಈ ಬೇರ್ಪಡಿಕೆ ನೀಗಿಸಲು ಮಕ್ಕಳನ್ನು ಬಸ್ಸಿನಲ್ಲಿ ದೂರದ ಶಾಲೆಗಳಿಗೆ ಕಳಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1974ರ ಡೆಟ್ರಾಯಿಟ್ ಪ್ರಕರಣದಲ್ಲಿ ಅಂಥ ಯೋಜನೆಗಳು ಸಾಮಾನ್ಯವಾಗಿ ಡಿಸ್ಟ್ರಿಕ್ಟಿನ ಗಡಿ ದಾಟುವಂತಿಲ್ಲ ಎಂದಿತು. ಗೆರೆ ಬದಲಿಸುವ ಮುನ್ನ ಬೋರ್ಡ್ ಜನರ ಮಾತು ಕೇಳುವ ಪಬ್ಲಿಕ್ ಹಿಯರಿಂಗ್‌ನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರ ಅಜ್ಜಿ ಇದನ್ನೆಲ್ಲ ಸ್ವತಃ ಅನುಭವಿಸಿರಬಹುದು. ನಾವು ಅಲ್ಲಿ ಬಳಸುವ ಒಂದೊಂದು ಪದವೂ ಅವರಿಗೆ ಹೇಗೆ ಕೇಳಿಸುತ್ತದೆ ಎಂಬ ಎಚ್ಚರ ನಮಗಿರಬೇಕು.

ಹಾಗೆಂದು ಸುಮ್ಮನಿರಿ ಎನ್ನುತ್ತಿಲ್ಲ. ಹಿಯರಿಂಗ್‌ಗೆ ಖಂಡಿತ ಹೋಗಿ. ಎಚ್-1ಬಿ ವೀಸಾದಲ್ಲಿರುವ ಎಷ್ಟೋ ಪೋಷಕರು ತಮಗೆ ಮಾತಾಡುವ ಹಕ್ಕಿಲ್ಲ ಎಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಬೋರ್ಡ್ ಚುನಾವಣೆಯಲ್ಲಿ ಮತ ಹಾಕಲು ಹೆಚ್ಚಿನ ಕಡೆ ನಾಗರಿಕರಾಗಿರಬೇಕು ಎನ್ನುವುದು ನಿಜ. (ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2016ರ ಜನಮತದ ನಂತರ ನಾಗರಿಕರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡಿಗೆ ಮತ ಹಾಕಲು ಅವಕಾಶವಿದೆ.) ಆದರೆ ಹಿಯರಿಂಗ್‌ನಲ್ಲಿ ಹೆಸರು ಬರೆಸಿ ಮೈಕಿನ ಮುಂದೆ ನಿಲ್ಲಲು ನೀವು ಆ ಡಿಸ್ಟ್ರಿಕ್ಟಿನ ನಿವಾಸಿ ಎನ್ನುವುದೇ ಸಾಕು.

ಸಿಗುವುದು ಎರಡೋ ಮೂರೋ ನಿಮಿಷ. ಹೋಗುವ ಮುಂಚೆ ಡಿಸ್ಟ್ರಿಕ್ಟ್ ಪ್ರಕಟಿಸಿದ ನಕ್ಷೆ ಮತ್ತು ಅದರ ಜೊತೆಗಿನ ಕೋಷ್ಟಕ ಎರಡನ್ನೂ ಓದಿ. ಎಲ್ಲರೂ ನಕ್ಷೆ ನೋಡುತ್ತಾರೆ, ಕೋಷ್ಟಕ ಓದುವವರು ಕಡಿಮೆ. ಅದರಲ್ಲಿ ಪ್ರತಿ ಶಾಲೆಗೆ ಕಟ್ಟಡದಲ್ಲಿ ಎಷ್ಟು ಮಕ್ಕಳಿಗೆ ಜಾಗ, ಈಗ ಎಷ್ಟಿದ್ದಾರೆ, ಐದು ವರ್ಷದ ನಂತರ ಎಷ್ಟಾಗಬಹುದು ಎಂದಿರುತ್ತದೆ. 750 ಮಕ್ಕಳ ಕಟ್ಟಡದಲ್ಲಿ 900 ಮಕ್ಕಳಿದ್ದರೆ ಶೇಕಡ 120. ಅಲ್ಲಿ ಪೋರ್ಟಬಲ್ ಕೋಣೆಗಳಿರುತ್ತವೆ, ಬೆಳಿಗ್ಗೆ ಹತ್ತೂವರೆಗೇ ಮೊದಲ ಊಟದ ಪಾಳಿ ಶುರುವಾಗುತ್ತದೆ. ನಿಮ್ಮ ಬೀದಿಯನ್ನು ಅಲ್ಲೇ ಉಳಿಸಿ ಎಂದು ಕೇಳುವಾಗ ಈ ಒತ್ತಡಕ್ಕೆ ಬೇರೆ ದಾರಿ ಏನೆಂದು ಹೇಳಲು ಸಾಧ್ಯವಾದರೆ ಬೋರ್ಡಿನವರು ಪೆನ್ನು ಎತ್ತಿಕೊಳ್ಳುತ್ತಾರೆ. "ನಾವು ಇಷ್ಟು ದುಡ್ಡು ಕೊಟ್ಟು ಮನೆ ತಗೊಂಡಿದ್ದೇವೆ" ಎಂಬ ಮಾತನ್ನು ಅವರು ಆ ಸಂಜೆ ಹತ್ತಾರು ಸಲ ಕೇಳಿರುತ್ತಾರೆ. "ಹೊಸ ಶಾಲೆಗೆ ನಡೆದು ಹೋಗಲು ಆರು ಲೇನಿನ ರಸ್ತೆ ದಾಟಬೇಕು, ಎರಡು ಮೈಲಿಯೊಳಗೆ ಇರುವುದರಿಂದ ಬಸ್ಸು ಸಿಗುವುದಿಲ್ಲ" ಎಂಬುದು ತೂಕದ ಮಾತು. ಟೆಕ್ಸಸ್‌ನಲ್ಲಿ ಬಸ್ಸಿಗೆ ರಾಜ್ಯದ ಹಣ ಬರುವುದು ಮುಖ್ಯವಾಗಿ ಎರಡು ಮೈಲಿ ಅಥವಾ ಅದಕ್ಕಿಂತ ದೂರದ ಮಕ್ಕಳಿಗೆ, ಅಪಾಯದ ದಾರಿಯಿದ್ದರೆ ಅದಕ್ಕೆ ಬೇರೆ ಅವಕಾಶವೂ ಇದೆ. ಎಲಿಮೆಂಟರಿಯ ಒಂದೇ ತರಗತಿಯ ಮಕ್ಕಳಲ್ಲಿ ನಾಲ್ಕೈದು ಜನರನ್ನು ಮಾತ್ರ ಬೇರೆ ಮಿಡ್ಲ್ ಸ್ಕೂಲಿಗೆ ಕಳಿಸುವಂತೆ ಗೆರೆ ಬಿದ್ದಿದ್ದರೆ ಅದನ್ನೂ ಎತ್ತಿ ಹೇಳಿ. ಗುಂಪಾಗಿ ಹೋಗುವ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ, ಒಂಟಿಯಾಗಿ ಹೋದವರಿಗೆ ಕಷ್ಟ.

ಈಗಾಗಲೇ ಓದುತ್ತಿರುವವರು ಅಲ್ಲೇ ಮುಗಿಸಲಿ ಎಂಬ ವಿನಾಯಿತಿಯನ್ನು ಇಲ್ಲಿ ಗ್ರ್ಯಾಂಡ್‌ಫಾದರಿಂಗ್ ಎನ್ನುತ್ತಾರೆ. ಹೈಸ್ಕೂಲಿನ ಕೊನೆಯ ವರ್ಷದವರಿಗೆ, ಕೆಲವೆಡೆ ಅದರ ಹಿಂದಿನ ವರ್ಷದವರಿಗೂ ಸಿಗುವುದುಂಟು. ಅದು ತಮ್ಮ-ತಂಗಿಯರಿಗೂ ಅನ್ವಯಿಸುತ್ತದೆಯೇ, ಬಸ್ಸು ಇರುತ್ತದೆಯೇ ಎಂದು ಮೊದಲೇ ಕೇಳಿ. ಹೆಚ್ಚಾಗಿ ಬಸ್ಸು ಇರುವುದಿಲ್ಲ, ಇಬ್ಬರು ಮಕ್ಕಳನ್ನು ಎರಡು ಶಾಲೆಗೆ ಬಿಡುವ ಕೆಲಸ ನಿಮ್ಮ ಮೇಲೆ ಬೀಳುತ್ತದೆ. ಚಿಕ್ಕ ಮಕ್ಕಳ ವಿಷಯದಲ್ಲಿ ನಾನು ಈ ವಿನಾಯಿತಿಗೆ ಒತ್ತಾಯ ಮಾಡುವುದಿಲ್ಲ. ಬೀದಿಯ ಗೆಳೆಯರೆಲ್ಲ ಹೊಸ ಬಸ್ಸು ಹತ್ತಿದ ಮೇಲೆ ಹಳೆಯ ಶಾಲೆಯಲ್ಲಿ ಒಬ್ಬನೇ ಉಳಿದವನೂ ಒಂಟಿಯೇ.

ಹನ್ನೊಂದನೇ ತರಗತಿಯವರ ಲೆಕ್ಕಾಚಾರ ಬೇರೆ. ಟೆಕ್ಸಸ್‌ನಲ್ಲಿ 1997ರ ಕಾನೂನಿನಂತೆ ತಮ್ಮ ಶಾಲೆಯಲ್ಲಿ ಮೇಲಿನ ಶೇಕಡ 10ರಲ್ಲಿರುವವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್ನಿನ ವಿಶ್ವವಿದ್ಯಾಲಯ ಮಾತ್ರ 2026ರ ಪ್ರವೇಶದಿಂದ ಅದನ್ನು ಶೇಕಡ 5ಕ್ಕೆ ಇಳಿಸಿದೆ. ಶಾಲೆ ಬದಲಾದರೆ ರ‍್ಯಾಂಕ್ ಏರಲೂಬಹುದು, ಇಳಿಯಲೂಬಹುದು. ಕೌನ್ಸೆಲರ್ ಜೊತೆ ಕೂತು ಮಗುವಿನ ಮಾರ್ಕ್ಸ್ ಇಟ್ಟುಕೊಂಡೇ ನೋಡಬೇಕಾದ ವಿಷಯ ಇದು. ಬ್ಯಾಂಡ್, ಆರ್ಕೆಸ್ಟ್ರಾ ಅಥವಾ ಕ್ರೀಡಾ ತಂಡದಲ್ಲಿರುವವರು ಹೊಸ ಶಾಲೆಯ ಆಯ್ಕೆ ಯಾವಾಗ ಎಂದು ವಸಂತದಲ್ಲೇ ವಿಚಾರಿಸಲಿ, ಆಗಸ್ಟಿಗೆ ತಡವಾಗಿರುತ್ತದೆ.

ಮಗುವಿಗೆ ಐಇಪಿ, ಅಂದರೆ ವಿಶೇಷ ಅಗತ್ಯವಿರುವ ಮಗುವಿಗಾಗಿ ಶಾಲೆ ಬರೆದಿಡುವ ಶಿಕ್ಷಣ ಯೋಜನೆ, ಇದ್ದರೆ ಅದು ಮಗುವಿನ ಜೊತೆಯೇ ಹೋಗುತ್ತದೆ, ಶಾಲೆ ಬದಲಾಯಿತೆಂದು ಸೌಲಭ್ಯ ನಿಲ್ಲುವಂತಿಲ್ಲ. ಆದರೂ ಆ ನಿರ್ದಿಷ್ಟ ತರಗತಿ ಅಥವಾ ಥೆರಪಿಸ್ಟ್ ಹೊಸ ಕಟ್ಟಡದಲ್ಲೇ ಇದ್ದಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆದುಕೊಳ್ಳಿ.

ಬೋರ್ಡ್ ಮತ ಹಾಕಿ ನಿಮ್ಮ ಬೀದಿ ಬದಲಾಯಿತು ಎಂದಿಟ್ಟುಕೊಳ್ಳಿ. ಆ ರಾತ್ರಿಯೇ ಮಗುವಿಗೆ ತಿಳಿಸಿ, ಬಸ್ಸಿನಲ್ಲಿ ಬೇರೆಯವರಿಂದ ಕೇಳುವಂತಾಗಬಾರದು. ಬೇಸಿಗೆ ರಜೆಯಲ್ಲಿ ಹೊಸ ಶಾಲೆಯ ಆಟದ ಮೈದಾನಕ್ಕೆ ನಾಲ್ಕಾರು ಸಲ ಕರೆದೊಯ್ಯಿರಿ. ಹಿಂದಿನಿಂದಲೂ ಅಲ್ಲೇ ಓದುತ್ತಿರುವ ಒಂದು ಮಗುವನ್ನು ಪರಿಚಯ ಮಾಡಿಸಿ. ಕನ್ನಡ ಕೂಟದಲ್ಲೋ ವಾರಾಂತ್ಯದ ಕನ್ನಡ ತರಗತಿಯಲ್ಲೋ ವಿಚಾರಿಸಿದರೆ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಆಗಸ್ಟಿನಲ್ಲಿ ಶಿಕ್ಷಕರನ್ನು ಭೇಟಿ ಮಾಡುವ ಸಂಜೆ ಇರುತ್ತದೆ. ಅವತ್ತು ಅಪ್ಪ ಅಮ್ಮ ಇಬ್ಬರೂ ಹೋಗಿ. ಕ್ಲಾಸಿನಿಂದ ಕೆಫೆಟೀರಿಯಾಕ್ಕೆ, ಅಲ್ಲಿಂದ ಬಾತ್‌ರೂಮಿಗೆ, ಮತ್ತೆ ಬಸ್ಸು ನಿಲ್ಲುವ ಜಾಗಕ್ಕೆ ಮಗುವಿನ ಜೊತೆ ಒಂದು ಸುತ್ತು ನಡೆಯಿರಿ. ಮೊದಲ ಕೆಲವು ವಾರ ಹೊಟ್ಟೆನೋವು, ಬೆಳಿಗ್ಗೆ ಅಳು, ಹಳೆಯ ಶಾಲೆಯ ಧ್ಯಾನ ಎಲ್ಲವೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಅಕ್ಟೋಬರ್ ಮಧ್ಯಕ್ಕೂ ಮಗು ಊಟದ ಹೊತ್ತಿನಲ್ಲಿ ಒಂಟಿಯಾಗಿದ್ದರೆ ಅಥವಾ ರಾತ್ರಿ ನಿದ್ದೆ ಮಾಡುತ್ತಿಲ್ಲವಾದರೆ ಶಾಲೆಯ ಕೌನ್ಸೆಲರ್‌ಗೆ ಎರಡು ಸಾಲಿನ ಇಮೇಲ್ ಬರೆಯಿರಿ. ಗಡಿಯ ದೂರು ಬೇಡ, ಮಗುವಿನ ಹೆಸರು, ತರಗತಿ, ನೀವು ಗಮನಿಸಿದ್ದೇನು ಎಂಬಷ್ಟು ಸಾಕು. ಆ ವಾರವೇ ಮಗುವನ್ನು ಕರೆಸಿ ಮಾತಾಡಿಸಬೇಕೆಂದು ಅದರಲ್ಲೇ ಕೇಳಿಕೊಳ್ಳಿ.