ಮೊದಲು ಸೂರು, ಆಮೇಲೆ ಸುಧಾರಣೆ

ಕೆಲಸ ಕಳೆದುಕೊಂಡು ಹ್ಯೂಸ್ಟನ್‌ನಲ್ಲಿ ಕಾರಿನಲ್ಲೇ ಮಲಗುತ್ತಿರುವ ಗೆಳೆಯನಿಗೆ, ಕುಡಿತ ಬಿಟ್ಟ ಮೇಲಷ್ಟೇ ಮನೆ ಹುಡುಕಿಕೊಡುವುದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ. ಔಷಧಿ ಇಡಲು ಕಪಾಟಿಲ್ಲದ, ಅರ್ಜಿಯಲ್ಲಿ ಬರೆಯಲು ವಿಳಾಸವಿಲ್ಲದ ಮನುಷ್ಯನಿಂದ ಶಿಸ್ತು ನಿರೀಕ್ಷಿಸುವುದು ತಿರುಗುಮುರುಗು ಲೆಕ್ಕ. ಹ್ಯೂಸ್ಟನ್ 2012ರಿಂದ ಚದುರಿದ್ದ ಸಂಸ್ಥೆಗಳನ್ನು ‘ದ ವೇ ಹೋಮ್’ ಅಡಿ ಒಂದುಗೂಡಿಸಿ, ಅಪಾರ್ಟ್‌ಮೆಂಟು, ಬಾಡಿಗೆ ನೆರವು, ಕೇಸ್ ಮ್ಯಾನೇಜರ್ ಮೂರನ್ನೂ ಒಟ್ಟಿಗೆ ಒದಗಿಸಿತು. ಒಂದು ದಶಕದಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಸೂರು ಸಿಕ್ಕಿತು. ನಿರ್ವಸತಿಕರ ಸಂಖ್ಯೆ 2011ರಲ್ಲಿದ್ದುದರ ಅರ್ಧಕ್ಕಿಂತ ಕೆಳಗಿಳಿಯಿತು.

ಷರತ್ತಿಲ್ಲದ ಮನೆ ದುಶ್ಚಟಕ್ಕೆ ಕುಮ್ಮಕ್ಕಲ್ಲವೇ ಎನ್ನಬಹುದು. ಮನೆಯೊಂದೇ ಕುಡಿತ ಬಿಡಿಸುವುದಿಲ್ಲ, ನಿಜ. ಆದರೆ ಚಿಕಿತ್ಸೆಗೆ ಕಾಲೂರಲು ನೆಲ ಕೊಡುತ್ತದೆ. ಹ್ಯೂಸ್ಟನ್ ಇರುವ ಟೆಕ್ಸಸ್‌ನಲ್ಲೇ ಕಟ್ಟುನಿಟ್ಟಿನ ದಾರಿಯೂ ಇದೆ. 2021ರ ಮೇನಲ್ಲಿ ಆಸ್ಟಿನ್ ಮತದಾರರು ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡುವುದನ್ನು ಮತ್ತೆ ನಿಷೇಧಿಸಿದರು. ಅದೇ ವರ್ಷ ರಾಜ್ಯದ ಕಾನೂನೂ ಬಂತು, ದಂಡ 500 ಡಾಲರ್‌ವರೆಗೆ. ಬಾಡಿಗೆಗೇ ಗತಿಯಿಲ್ಲದವನು ದಂಡ ಎಲ್ಲಿಂದ ಕಟ್ಟಿಯಾನು? ಅದೇ ಆಸ್ಟಿನ್‌ನ ‘ಕಮ್ಯುನಿಟಿ ಫಸ್ಟ್! ವಿಲೇಜ್’ನ ಪುಟ್ಟ ಮನೆಗಳಲ್ಲಿ, ವರ್ಷಗಟ್ಟಲೆ ಬೀದಿಯಲ್ಲಿದ್ದವರು ಬಾಡಿಗೆ ಕೊಟ್ಟೇ ಬಾಳುತ್ತಿದ್ದಾರೆ.

ಗೆಳೆಯನನ್ನು ಮನೆಗೆ ಕರೆತರುವುದಾದರೆ ತನ್ನಿ, ಆದರೆ ಅದಕ್ಕೂ ಮುನ್ನ ಸಹಾಯವಾಣಿ 211ಕ್ಕೆ ಕರೆ ಮಾಡಿಸಿ, ವಸತಿ ಅರ್ಹತೆಯ ಮೌಲ್ಯಮಾಪನ ಕೇಳಿ. ಏಕೆಂದರೆ ಕಾರಿನಲ್ಲಿ ಮಲಗುವವರನ್ನು ಅಮೆರಿಕದ ಕೇಂದ್ರ ಸರ್ಕಾರದ ವಸತಿ ನಿಯಮ ನಿರ್ವಸತಿಕರೆಂದು ಪರಿಗಣಿಸುತ್ತದೆ. ಸ್ನೇಹಿತರ ಸೋಫಾದಲ್ಲಿರುವವರನ್ನು ಸಾಮಾನ್ಯವಾಗಿ ಇಲ್ಲ. ಕುಡಿತದ ಮಾತನ್ನು ಅವನ ಕೈಗೆ ಬೀಗದ ಕೈ ಸಿಕ್ಕ ಮೇಲೆ ಆಡಿ.