ಒಲೆಯ ಬಾಯಿಗೆ ಯಾವ ಲೋಹ?

ಅವರೆಕಾಯಿಯ ಕಾಲವದು. ಕಳೆದ ಪುಷ್ಯಮಾಸದ ಒಂದು ಮುಂಜಾನೆ, ಹಿಂದಿನ ರಾತ್ರಿ ಉಕ್ಕಿ ಹರಿದ ಅವರೆಕಾಳಿನ ಸಾರಿನ ಕಲೆಯನ್ನು ತೆಗೆಯಲೆಂದು ಗ್ಯಾಸ್ ಒಲೆಯ ಬರ್ನರನ್ನು ಕಳಚಿಕೊಂಡು, ಐವತ್ತು ವರ್ಷಗಳಿಂದ ದೇವರ ದೀಪಗಳನ್ನೂ ಹಿತ್ತಾಳೆಯ ಕೊಳದಪ್ಪಲೆಯನ್ನೂ ಬೆಳಗುತ್ತ ಬಂದ ಕ್ರಮದಲ್ಲಿಯೇ ಹುಣಿಸೆಹಣ್ಣು ಹಚ್ಚಿ ತೆಂಗಿನ ನಾರಿನಿಂದ ಉಜ್ಜುತ್ತ ಕುಳಿತಿದ್ದ ನಮ್ಮತ್ತೆಯವರು, ತಟಕ್ಕನೆ ಕೈ ನಿಲ್ಲಿಸಿ ನನ್ನನ್ನು ಕೂಗಿದರು.

“ಏನಮ್ಮಾ ಇದು, ಹಿತ್ತಾಳೆ ಆಗಿದ್ರೆ ಹುಣಿಸೆಹಣ್ಣಿಗೆ ಹೊಳಪು ಬರಬೇಕಾಗಿತ್ತಲ್ಲ, ಇದು ಬೆಳ್ಳಗಾಗ್ತಾ ಇದೆ!”

ಹೋಗಿ ನೋಡಿದೆ. ಅವರು ಉಜ್ಜಿದ ಕಡೆಯಲ್ಲೆಲ್ಲ ಹೊಂಬಣ್ಣವು ಸಿಪ್ಪೆಯಂತೆ ಸುಲಿದು ಹೋಗಿ, ಕೆಳಗಿನಿಂದ ಅಲ್ಯೂಮಿನಿಯಂ ತಟ್ಟೆಯ ಬಿಳುಪು ಇಣುಕುತ್ತಿದ್ದಿತು. ಮೂರು ವರ್ಷಗಳ ಹಿಂದೆ, ಹಿತ್ತಾಳೆಯ ಬರ್ನರು ಎಂಬ ಅಂಗಡಿಯಾತನ ಮಾತನ್ನು ನಂಬಿ, ಮಿಕ್ಕ ಒಲೆಗಳಿಗಿಂತ ಹೆಚ್ಚಿನ ಹಣವನ್ನು ತೆತ್ತು ನಾನು ತಂದ ಒಲೆ ಅದು. ಲೋಹದ ಪರೀಕ್ಷೆಯನ್ನು ಅಂದು ಅಂಗಡಿಯಲ್ಲಿ ನಾನು ಮಾಡಬೇಕಾಗಿತ್ತು. ಅದನ್ನು ಮೂರು ವರ್ಷ ತಡವಾಗಿ ನಮ್ಮತ್ತೆಯವರ ಹುಣಿಸೆಹಣ್ಣು ಮಾಡಿಕೊಟ್ಟಿತು.

ಸಿಲಿಂಡರು ಬದಲಿಸಿದ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿಡುವುದು ನನ್ನ ಬಹುಕಾಲದ ಅಭ್ಯಾಸ. ಆ ದಿನ ಹಳೆಯ ಕ್ಯಾಲೆಂಡರುಗಳನ್ನೆಲ್ಲ ತೆಗೆದು ಹರಡಿಕೊಂಡು ಕುಳಿತೆನು. ಒಲೆ ಬಂದ ಮೊದಲನೆಯ ವರ್ಷ 14.2 ಕಿಲೋಗ್ರಾಮಿನ ಒಂದು ಸಿಲಿಂಡರು ನಮಗೆ ಹೆಚ್ಚು ಕಡಮೆ 45 ದಿನ ಬರುತ್ತಿದ್ದಿತು. ಮೂರನೆಯ ವರ್ಷದಲ್ಲಿ ಅದು 38 ದಿನಕ್ಕೆ ಇಳಿದಿದ್ದಿತು. ಮನೆಯ ಮಂದಿ ಹೆಚ್ಚಿರಲಿಲ್ಲ, ಅಡುಗೆಯ ಕ್ರಮವೂ ಬದಲಾಗಿರಲಿಲ್ಲ. ಪಾತ್ರೆಗಳ ತಳ ಮಾತ್ರ ದಿನೇ ದಿನೇ ಕಪ್ಪಾಗುತ್ತ ಬಂದಿದ್ದಿತು. ಉರಿಯ ತುದಿಯಲ್ಲಿ ಹಳದಿ ಕಾಣಿಸಿಕೊಂಡಿದ್ದಿತು. ಸಣ್ಣ ಉರಿಗೆ ತಿರುಗಿಸಿದಾಗ ಬೆಂಕಿಯು ಒಮ್ಮೊಮ್ಮೆ ಬುಸ್ಸೆಂದು ಒಳಗೇ ಹತ್ತಿಕೊಳ್ಳುತ್ತಿದ್ದಿತು. ಇವೆಲ್ಲವೂ ಒಂದೇ ರೋಗದ ಲಕ್ಷಣಗಳೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅದನ್ನು ತಿಳಿಯಹೇಳಿದವರು ನಮ್ಮ ನೆರೆಮನೆಯ ವೃದ್ಧರು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚುವವರೆಗೂ ಅಲ್ಲಿ ಫಿಟ್ಟರಾಗಿ ದುಡಿದು, ಆ ಮೇಲೆ ಬೂದಿಕೋಟೆಗೆ ಬಂದು ನೆಲಸಿದವರು ಅವರು. ಲೋಹವನ್ನು ಕೈಯಲ್ಲಿ ಹಿಡಿದೊಡನೆ ಅದರ ಜಾತಿಯನ್ನು ಹೇಳಬಲ್ಲವರು. ನಾನು ಕೊಟ್ಟ ಬರ್ನರನ್ನು ಅಂಗೈಯಲ್ಲಿ ತೂಗಿ ನೋಡಿ, ಬೆಳಕಿಗೆ ಹಿಡಿದು ಅದರ ತೂತುಗಳನ್ನು ಒಂದೊಂದಾಗಿ ಪರೀಕ್ಷಿಸಿ, “ಟೀಚರಮ್ಮಾ, ಬರ್ನರ್ ಅಂದ್ರೇನೇ ತೂತು. ತೂತು ಕೆಟ್ಟರೆ ಬರ್ನರ್ ಕೆಟ್ಟ ಹಾಗೆ. ಇದಕ್ಕೆ ಎಷ್ಟು ಸಾರಿ ಪಿನ್ನು ಹಾಕಿದೀರಿ?” ಎಂದು ಕೇಳಿದರು.

ಲೆಕ್ಕವಿಡದಷ್ಟು ಸಲ ಹಾಕಿದ್ದೆನು. ನಮ್ಮ ಕಡೆಯ ಅಡುಗೆಮನೆಯಲ್ಲಿ ಬರ್ನರಿನ ತೂತು ಕಟ್ಟುವುದಕ್ಕೆ ಕಾರಣಗಳು ಹೇರಳ. ಮುದ್ದೆಗೆ ಇಟ್ಟ ಎಸರು ಕುದಿದು, ರಾಗಿಹಿಟ್ಟು ಸುರಿದು, ಕೋಲಿನಿಂದ ತೊಳಸುವಾಗ ಅಂಬಲಿಯ ಹನಿಗಳು ನಾಲ್ಕು ಕಡೆಗೂ ಸಿಡಿಯುತ್ತವೆ, ಅನ್ನದ ಗಂಜಿ ಉಕ್ಕುತ್ತದೆ, ಹಾಲು ಉಕ್ಕುತ್ತದೆ, ಇವೆಲ್ಲಕ್ಕೂ ಮಿಗಿಲಾಗಿ, ಈ ಸೀಮೆಯ ಕೊಳವೆಬಾವಿಗಳ ಗಡಸು ನೀರು ಚೆಲ್ಲಿ ಆರಿದಾಗ ತೂತಿನ ಬಾಯಿಯಲ್ಲಿ ಸುಣ್ಣದಂಥ ಬಿಳಿಯ ಹಕ್ಕಳೆಯನ್ನು ಉಳಿಸಿಹೋಗುತ್ತದೆ. ಆ ಹಕ್ಕಳೆಯನ್ನು ಸೂಜಿಯಿಂದಲೋ ಪಿನ್ನಿನಿಂದಲೋ ಚುಚ್ಚಿ ತೆಗೆಯುವಾಗ, ಮೆದುವಾದ ಅಲ್ಯೂಮಿನಿಯಂ ಪ್ರತಿಯೊಂದು ಸಲವೂ ಕೂದಲೆಳೆಯಷ್ಟು ಸವೆದು, ತೂತು ಅಗಲವಾಗುತ್ತ ಹೋಗುತ್ತದೆ. ಅಗಲವಾದ ತೂತಿನಲ್ಲಿ ಅನಿಲದ ವೇಗ ತಗ್ಗುತ್ತದೆ. ವೇಗ ತಗ್ಗಿದ ಅನಿಲದಲ್ಲಿ ಉರಿಯು ಹಿಮ್ಮೆಟ್ಟಿ ಒಳಕ್ಕೆ ನುಗ್ಗುತ್ತದೆ. ಬುಸ್ಸೆಂಬ ಶಬ್ದದ ರಹಸ್ಯವು ಇದೇ ಆಗಿದ್ದಿತು.

ಶಾಖದ ವಿಷಯವೂ ಇದಕ್ಕೆ ಸೇರತಕ್ಕದ್ದು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುತ್ತದೆ, ಮತ್ತು ಅದಕ್ಕಿಂತ ಬಹು ಮುಂಚೆಯೇ ತನ್ನ ಬಿಗಿಯನ್ನು ಕಳೆದುಕೊಳ್ಳಲಾರಂಭಿಸುತ್ತದೆ. ತಾಮ್ರ ಮತ್ತು ಸತುವು ಬೆರೆತ ಹಿತ್ತಾಳೆ ಕರಗಬೇಕಾದರೆ 900 ಡಿಗ್ರಿಯ ಆಸುಪಾಸಿನ ಶಾಖ ಬೇಕು. ಬೀಡು ಕಬ್ಬಿಣಕ್ಕೆ 1,150 ಡಿಗ್ರಿಯಾದರೂ ಬೇಕು. ಬರ್ನರಿನ ತಲೆಯು ಉರಿಯ ನಡುವೆ ಇರದೆ ಅದರ ಬುಡದಲ್ಲಿರುವುದರಿಂದಲೂ, ಒಳಗಿನಿಂದ ಹರಿಯುವ ತಣ್ಣನೆಯ ಅನಿಲವು ಅದನ್ನು ತಂಪಾಗಿಡುವುದರಿಂದಲೂ ಯಾವ ಲೋಹವೂ ಒಲೆಯ ಮೇಲೆ ಕರಗಿಹೋಗುವುದಿಲ್ಲವೆಂಬುದು ನಿಜ. ಆದರೆ ಸಣ್ಣ ಉರಿಯಲ್ಲಿ ಜ್ವಾಲೆಯು ತೂತಿನ ಬಾಯಿಗೇ ಅಂಟಿಕೊಂಡು ಗಂಟೆಗಟ್ಟಲೆ ನಿಂತಾಗ, ಬೆಂಕಿಯ ತಾಪಕ್ಕೆ ತೆಳುವಾದ ಅಲ್ಯೂಮಿನಿಯಂ ತಲೆಯು ತುಸುವಾದರೂ ಡೊಂಕಾಗುತ್ತದೆ. ನನ್ನ ದೊಡ್ಡ ಬರ್ನರನ್ನು ಗಾಜಿನ ಮೇಲೆ ಕವಚಿಟ್ಟು ನೋಡಿದಾಗ, ಒಂದು ಕಡೆಯಲ್ಲಿ ಅಂಚು ಮೇಲೆದ್ದಿದ್ದು, ಆ ಸಂದಿನಲ್ಲಿ ಪೋಸ್ಟ್‌ಕಾರ್ಡನ್ನು ಸಲೀಸಾಗಿ ತೂರಿಸಬಹುದಾಗಿದ್ದಿತು.

ಹಾಗಾದರೆ ಹಣದ ಲೆಕ್ಕವೇನು? ಭಾರತೀಯ ಮಾನಕ ಬ್ಯೂರೋ ಮನೆಯ ಗ್ಯಾಸ್ ಒಲೆಗಳಿಗೆ ವಿಧಿಸಿರುವ ಐಎಸ್ 4246 ಎಂಬ ಮಾನಕದ ಪ್ರಕಾರ, ಉರಿದ ಅನಿಲದ ಶಾಖದಲ್ಲಿ ನೂರಕ್ಕೆ 68 ಪಾಲಾದರೂ ಪಾತ್ರೆಗೆ ಸಲ್ಲತಕ್ಕದ್ದು. ಕೆಟ್ಟ ಬರ್ನರಿನಿಂದ ಆ 68 ಎಂಬುದು 60ಕ್ಕೆ ಇಳಿಯಿತೆಂದು ಭಾವಿಸೋಣ. ಆಗ 14.2 ಕಿಲೋಗ್ರಾಮಿನ ಸಿಲಿಂಡರು ಹನ್ನೆರಡೂವರೆ ಕಿಲೋಗ್ರಾಮಿನ ಕೆಲಸವನ್ನಷ್ಟೇ ಮಾಡುತ್ತದೆ. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ, ಪ್ರತಿಯೊಂದರಲ್ಲಿಯೂ ನೂರು ರೂಪಾಯಿಗೆ ಮೇಲ್ಪಟ್ಟು ಹೊಗೆಯಾಗಿ ಹೋಯಿತು. ವರ್ಷಕ್ಕೆ ಎಂಟು ಸಿಲಿಂಡರು ಸುಡುವ ಮನೆಗೆ ನಷ್ಟವು 850 ರೂಪಾಯಿಯ ಸಮೀಪಕ್ಕೆ ಬರುತ್ತದೆ. ಬಂಗಾರಪೇಟೆಯ ಅಂಗಡಿಗಳಲ್ಲಿ ನಾನು ವಿಚಾರಿಸಿದಾಗ, ಗಟ್ಟಿಯಾದ ಹಿತ್ತಾಳೆಯ ತಲೆಗೂ ಅಲ್ಯೂಮಿನಿಯಂ ತಲೆಗೂ ಇದ್ದ ಬೆಲೆಯ ಅಂತರವು ಮುನ್ನೂರು ರೂಪಾಯಿಯನ್ನು ಮೀರಲಿಲ್ಲ. ಕೊಳ್ಳುವ ದಿನ ಉಳಿಸಿದೆನೆಂದುಕೊಂಡ ಹಣವನ್ನು ಒಲೆಯು ಒಂದೇ ವರ್ಷದಲ್ಲಿ ತಿಂದುಹಾಕುತ್ತದೆ.

ಹಿತ್ತಾಳೆ ಎಂದು ಹೇಳಿದ್ದೆಲ್ಲ ಹಿತ್ತಾಳೆಯೆ ಎಂಬ ಪ್ರಶ್ನೆಗೆ ನೆರೆಮನೆಯ ಹಿರಿಯರು ಎರಡು ಉಪಾಯಗಳನ್ನು ಹೇಳಿಕೊಟ್ಟರು. ಚಿನ್ನಕ್ಕೆ ಒರೆಗಲ್ಲು ಹೇಗೋ ಬರ್ನರಿಗೆ ಅಯಸ್ಕಾಂತ ಹಾಗೆ. ಅಯಸ್ಕಾಂತವು ಅಂಟಿಕೊಂಡರೆ ಅದು ಕಬ್ಬಿಣದ ಮೇಲೆ ಬಳಿದ ಬಣ್ಣ. ಅಂಟದೆ ಹೋದರೂ ಸಂದೇಹ ಪೂರ್ತಿ ತೀರುವುದಿಲ್ಲ, ಅಲ್ಯೂಮಿನಿಯಮಿಗೂ ಅದು ಅಂಟದು; ಅಲ್ಲಿ ಬೇಕಾದುದು ತಕ್ಕಡಿ. ಒಂದೇ ಗಾತ್ರದ ಅಲ್ಯೂಮಿನಿಯಮಿಗಿಂತ ಹಿತ್ತಾಳೆಯು ಮೂರು ಪಟ್ಟು ಭಾರ. ನನ್ನ ಹಳೆಯ ನಡುಗಾತ್ರದ ತಲೆಯನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟಾಗ 70 ಗ್ರಾಂ ತೂಗಿತು. ಅದರ ಜೋಡಿಯಂತೆಯೇ ಕಾಣುತ್ತಿದ್ದ ನಿಜವಾದ ಹಿತ್ತಾಳೆಯದು 220 ಗ್ರಾಂ. ಅಚ್ಚಿನಲ್ಲಿಟ್ಟು ಬಡಿದು ಮಾಡಿದ ಹಿತ್ತಾಳೆಯು ಎರಕದ ಹಿತ್ತಾಳೆಗಿಂತ ಒತ್ತಾಗಿದ್ದು ಹೆಚ್ಚು ಬಾಳುತ್ತದೆಂಬುದನ್ನೂ ಅವರು ಸೇರಿಸಿದರು.

ಬೀಡಿನ ಬರ್ನರನ್ನು ನಾನು ಹಳಿಯಲಾರೆ. ಬಂಗಾರಪೇಟೆಯ ಜಂಕ್ಷನ್ನಿನ ಸುತ್ತಣ ಚಹದ ಅಂಗಡಿಗಳಲ್ಲಿಯೂ, ಮದುವೆಯ ಅಡುಗೆಯವರ ಭಾರಿ ಒಲೆಗಳಲ್ಲಿಯೂ ಕಾಣುವುದು ಬೀಡೇ. ಬೆಳಗಿನಿಂದ ರಾತ್ರಿಯವರೆಗೆ ಆರದೆ ಉರಿಯುವ ಒಲೆಯಲ್ಲಿ ಬಿದ್ದ ನೀರು ಬಿದ್ದಲ್ಲಿಯೇ ಇಂಗಿಹೋಗುವುದರಿಂದ ತುಕ್ಕಿಗೆ ಅವಕಾಶ ದೊರೆಯದು. ಮನೆಯ ಒಲೆಯಾದರೋ ದಿನದ ಬಹುಭಾಗ ತಣ್ಣಗಿರುತ್ತದೆ, ತೊಳೆದಾಗ ಒದ್ದೆಯಾಗಿಯೇ ಉಳಿಯುತ್ತದೆ. ಅಲ್ಲಿ ಬೀಡು ತುಕ್ಕುಹಿಡಿದು, ತುಕ್ಕಿನ ಪುಡಿಯು ತೂತುಗಳನ್ನು ಮುಚ್ಚುತ್ತದೆ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯವೂ ಉಂಟು. ತೊಳೆದೊಡನೆ ಒರಸಿ, ಒಂದು ನಿಮಿಷ ಉರಿಹಚ್ಚಿ ಒಣಗಿಸುವ ಶ್ರದ್ಧೆಯುಳ್ಳವರಿಗೆ ಅದು ಅಗ್ಗವೂ ಗಟ್ಟಿಯೂ ಆದ ವಸ್ತುವೇ ಸರಿ. ಎಪ್ಪತ್ತೆಂಟು ವರ್ಷದ ಅತ್ತೆಯವರಿಂದ ಆ ಶ್ರದ್ಧೆಯನ್ನು ನಿತ್ಯವೂ ಅಪೇಕ್ಷಿಸುವುದು ನನಗೆ ಉಚಿತವಾಗಿ ತೋರಲಿಲ್ಲ.

ಅವರು ಈ ಮನೆಗೆ ಸೊಸೆಯಾಗಿ ಬಂದಾಗ ಒಲೆಗೆ ನೀಲಗಿರಿ ಸೌದೆ. 1902ರಲ್ಲಿಯೇ ಶಿವನಸಮುದ್ರದ ವಿದ್ಯುಚ್ಛಕ್ತಿಯು ಸಮೀಪದ ಗಣಿಗಳಿಗೆ ಹರಿದುಬಂದಿದ್ದರೂ, ಊರಿನ ಅಡುಗೆಮನೆಗಳಲ್ಲಿ ಅದಾಗಿ ಎಷ್ಟೋ ದಶಕಗಳವರೆಗೆ ಹೆಂಗಸರು ಹೊಗೆಯಲ್ಲಿ ಕಣ್ಣೊರಸಿಕೊಂಡೇ ಬೇಯಿಸಿದರು. ಬೂದಿ ಮಾತ್ರ ಆಗ ಬೇಕಾದಷ್ಟು ಸಿಗುತ್ತಿದ್ದಿತು. ಹುಣಿಸೆಹಣ್ಣಿನ ಮೇಲೆ ಬೂದಿಯನ್ನು ಹಾಕಿ ಉಜ್ಜಿದರೆ ಹಿತ್ತಾಳೆಗೆ ಬರುವ ಕಾಂತಿ ಯಾವ ಸೋಪಿನ ಪುಡಿಗೂ ಬರಲಾರದೆಂದು ಅವರು ಇಂದಿಗೂ ಹೇಳುತ್ತಾರೆ.

ಕೊನೆಗೆ ಮೂರು ಹಿತ್ತಾಳೆಯ ತಲೆಗಳನ್ನು ಕೊಂಡೆನು. ಹಳೆಯ ಒಲೆಯ ಮಿಕ್ಸಿಂಗ್ ಟ್ಯೂಬನ್ನೇ ಬಿಚ್ಚಿಸಿ ಅಂಗಡಿಗೆ ಕೊಂಡೊಯ್ದು, ಅದರ ಮೇಲೆ ಒಂದೊಂದನ್ನೂ ಕೂರಿಸಿ, ಅಲುಗಾಡದಿರುವುದನ್ನು ಮಾತ್ರ ಆರಿಸಿದೆನು. ಏಕೆಂದರೆ ಸರಿಯಾಗಿ ಕೂರದ ತಲೆಯ ಅಂಚಿನಿಂದ ಅನಿಲವು ಸೋರಿ ಕೆಳಗೇ ಉರಿಯತೊಡಗಿದರೆ, ಲೋಹವು ಎಷ್ಟು ಶುದ್ಧವಾಗಿದ್ದರೂ ಅಪಾಯವೇ. ಹಳೆಯ ತಲೆಗಳನ್ನು ಗುಜರಿಯವನು ಅಲ್ಯೂಮಿನಿಯಂ ದರಕ್ಕೆ ತೆಗೆದುಕೊಂಡನು. ಹೊಸ ತಲೆಗಳನ್ನು ನಮ್ಮತ್ತೆಯವರು ಮೊದಲು ಹುಣಿಸೆಹಣ್ಣಿನಿಂದ ಉಜ್ಜಿ ನೋಡಿ, ಅವು ಹೊಳೆಯಲು, “ಈಗ ಇಡಮ್ಮಾ” ಎಂದರು. ತೂತು ಕಟ್ಟಿದರೆ ಪಿನ್ನು ಬೇಡ, ಬಿಸಿನೀರಿನಲ್ಲಿ ನೆನೆಯಿಟ್ಟು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದರೆ ಸಾಕೆಂದು ನಮ್ಮೊಳಗೆ ಒಪ್ಪಂದವಾಗಿದೆ.

ಆ ಸಂಜೆ ಹೂಡಿದ ಸಿಲಿಂಡರಿನ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇನೆ. ಇಂದಿಗೆ 43 ದಿನ, ಇನ್ನೂ ಉರಿಯುತ್ತಿದೆ.