ಅಂತರ್ಜಾಲದ ಮಾಹಿತಿ: ನಂಬುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಟೊಮೆಟೊ ಕೊಳ್ಳುವ ವರ್ತಕನು ಬಾಕ್ಸಿನ ಮೇಲ್ಪದರವನ್ನಷ್ಟೇ ನೋಡಿ ಬೆಲೆ ಕೂಗುವುದಿಲ್ಲ. ಕೈ ಹಾಕಿ ತಳದ ಹಣ್ಣನ್ನೂ ತೆಗೆದು ನೋಡುತ್ತಾನೆ. ಅದೇ ವರ್ತಕನು ಮೊಬೈಲಿಗೆ ಬಂದ ದರವನ್ನೋ ಸರ್ಕಾರದ್ದೆನ್ನಲಾದ ಸುತ್ತೋಲೆಯನ್ನೋ ಒಮ್ಮೆ ಓದಿ, ಮುಂಗಡ ಹಣ ಕಳುಹಿಸಿಬಿಡುವುದುಂಟು. ಸರಕಿಗೆ ಅನ್ವಯಿಸುವ ಎಚ್ಚರಿಕೆಯನ್ನು ಮಾಹಿತಿಗೂ ಅನ್ವಯಿಸುವುದು ಹೇಗೆಂಬುದನ್ನು ಇಲ್ಲಿ ನಾಲ್ಕು ಪ್ರಶ್ನೆಗಳ ಮೂಲಕ ವಿವರಿಸಲಾಗಿದೆ.

1. ಮೂಲ ಆದೇಶದಲ್ಲಿ ಏನಿದೆ?

2025ರ ಜೂನ್ 7ರಂದು ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯಗಳ ತೋತಾಪುರಿ ಮಾವು ಜಿಲ್ಲೆಯೊಳಗೆ ಬರುವುದನ್ನು ನಿಷೇಧಿಸಿತು. ಅಲ್ಲಿನ ತಿರುಳು ತಯಾರಿಕಾ ಘಟಕಗಳನ್ನು ನೆಚ್ಚಿಕೊಂಡಿದ್ದ ಶ್ರೀನಿವಾಸಪುರದ ಮಾವಿನ ವಹಿವಾಟಿಗೆ ಇದು ದೊಡ್ಡ ಪೆಟ್ಟಾಯಿತು. ಅನಂತರ ಕೇಂದ್ರ ಸರ್ಕಾರವು ಕರ್ನಾಟಕದ ಮಾವಿಗೆ ಕ್ವಿಂಟಾಲಿಗೆ ರೂ. 1,616ರ ದರವನ್ನು ಆಧಾರವಾಗಿಟ್ಟು, ಗರಿಷ್ಠ 2.5 ಲಕ್ಷ ಟನ್ನುಗಳವರೆಗೆ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿಗೆ ನೀಡಿತು.

ಇದನ್ನು ‘ಸರ್ಕಾರ ಮಾವನ್ನು ಕಿಲೋಗೆ 16 ರೂಪಾಯಿಗೆ ಕೊಳ್ಳುತ್ತದೆ’ ಎಂಬ ಒಂದು ಸಾಲಿಗೆ ಇಳಿಸಿದರೆ ಅಂಕಿ ಸರಿಯಾಗಿಯೇ ಇರುತ್ತದೆ, ಅರ್ಥ ಮಾತ್ರ ಕೆಟ್ಟಿರುತ್ತದೆ. ಯೋಜನೆಯು ಬೆಳೆಗಾರನಿಗೆ ವ್ಯತ್ಯಾಸದ ಹಣ ಕೊಡುವಂಥದು, ಹಣ್ಣು ಖರೀದಿಸುವಂಥದಲ್ಲ. ಆ ಒಂದು ಸಾಲನ್ನು ನಂಬಿ 14 ರೂಪಾಯಿಗೆ ಮಾಲು ಹಿಡಿದ ಮಂಡಿ ಮಾಲೀಕನಿಗೆ ಯಾವ ಭರವಸೆಯೂ ಇರುವುದಿಲ್ಲ. ಆದುದರಿಂದ ಸುದ್ದಿಯನ್ನಲ್ಲ, ಆದೇಶದ ಸಂಖ್ಯೆ, ದಿನಾಂಕ ಮತ್ತು ಹೊರಡಿಸಿದ ಅಧಿಕಾರಿಯ ಹುದ್ದೆಯನ್ನು ನೋಡಿ, ಮೂಲಪಾಠವನ್ನೇ ಓದತಕ್ಕದ್ದು.

2. ಯಾವ ದಿನದ ದರ, ಯಾವ ಅಳತೆ?

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕಿಲೋ ಟೊಮೆಟೊ ಬಾಕ್ಸು ರೂ. 2,000 ದಾಟಿತ್ತು. ಆ ದಿನಗಳ ಚಿತ್ರವೊಂದು ದಿನಾಂಕವಿಲ್ಲದೆ ಮತ್ತೆ ಕೈಸೇರಿದರೆ ಅದು ಸುಳ್ಳಲ್ಲ. ಆದರೆ ಇಂದಿನ ವ್ಯಾಪಾರಕ್ಕೆ ಉಪಯೋಗವಿಲ್ಲ.

ಅಳತೆಯೂ ಅಷ್ಟೇ ಮುಖ್ಯ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣವು ದರವನ್ನು ಕ್ವಿಂಟಾಲಿಗೆ ಪ್ರಕಟಿಸುತ್ತದೆ. ಅಲ್ಲಿ 2,000 ಎಂದಿದ್ದರೆ ಕಿಲೋಗೆ 20 ರೂಪಾಯಿ, ಅಂದರೆ ಬಾಕ್ಸಿಗೆ 300 ಮಾತ್ರ. ಬಾಕ್ಸಿಗೇ 2,000 ಎಂದರೆ ಕಿಲೋಗೆ 133 ರೂಪಾಯಿ. ಒಂದೇ ಅಂಕಿ, ಆರೂವರೆ ಪಟ್ಟಿಗೂ ಮೀರಿದ ಅಂತರ! ಅಲ್ಲದೆ, ಗರಿಷ್ಠ ದರವು ಆಯ್ದ ಒಂದೆರಡು ಲಾಟುಗಳದ್ದಿರಬಹುದು. ಹೆಚ್ಚಿನ ಮಾಲು ಮಾರಾಟವಾದ ‘ಮಾದರಿ ದರ’ವೇ ಲೆಕ್ಕಾಚಾರಕ್ಕೆ ಯೋಗ್ಯ.

3. ಎದುರಿನ ವ್ಯಾಪಾರಿ ಯಾರು?

ಮಾಲೂರಿನ ಸಣ್ಣ ಘಟಕವೊಂದು ಅಂತರ್ಜಾಲದಲ್ಲಿ ಕಂಡ ಹೊಸ ಸರಬರಾಜುದಾರನಿಂದ ರೂ. 4 ಲಕ್ಷದ ಉಕ್ಕಿನ ತಗಡು ತರಿಸುತ್ತದೆಂದು ಭಾವಿಸೋಣ. ಶೇ. 18ರಂತೆ ತೆರಿಗೆ ರೂ. 72,000. ಸರಬರಾಜುದಾರನು ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸದಿದ್ದರೆ, ಖರೀದಿದಾರನಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ; ಈ ನಿಯಮವು 2022ರ ಜನವರಿ 1ರಿಂದ ಜಾರಿಯಲ್ಲಿದೆ.

ಜಿ.ಎಸ್.ಟಿ. ಸಂಖ್ಯೆಯು 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ತಮಿಳುನಾಡಿಗೆ 33, ಆಂಧ್ರಪ್ರದೇಶಕ್ಕೆ 37. ನಂತರದ ಹತ್ತು ಪ್ಯಾನ್ ಸಂಖ್ಯೆ. ಹೊಸೂರಿನ ಕಾರ್ಖಾನೆಯಿಂದಲೇ ಬಿಲ್ಲು ಮಾಡುವುದಾಗಿ ಹೇಳುವವನ ಸಂಖ್ಯೆ 29ರಿಂದ ಆರಂಭವಾದರೆ ವಿವರಣೆ ಕೇಳಬೇಕು. ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ಸಂಖ್ಯೆ ನಮೂದಿಸಿ ಹೆಸರು, ವಿಳಾಸ, ನೋಂದಣಿಯ ದಿನಾಂಕ, ರಿಟರ್ನ್ ಸಲ್ಲಿಕೆಯ ವಿವರ ನೋಡಬಹುದು. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ವ್ಯಕ್ತಿ ಪ್ರಾಮಾಣಿಕನೆಂದಲ್ಲ. ಬೇರೊಬ್ಬರ ಸಂಖ್ಯೆಯನ್ನು ಯಾರು ಬೇಕಾದರೂ ಬಿಲ್ಲಿನ ಮೇಲೆ ಮುದ್ರಿಸಬಹುದು. ಪೋರ್ಟಲ್‌ನಲ್ಲಿರುವ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಒಂದೇ ಆಗಿರಬೇಕು.

ಸರ್ಕಾರಿ ತಾಣಗಳ ವಿಷಯದಲ್ಲೂ ಇದೇ ನಿಯಮ. ವಿಳಾಸವು ಸಾಮಾನ್ಯವಾಗಿ ‘.ಗವ್.ಇನ್’ ಎಂದು ಕೊನೆಗೊಳ್ಳುತ್ತದೆ. ಆ ಅಕ್ಷರಗಳು ನಡುವೆ ಎಲ್ಲೋ ಇದ್ದರೆ ಸಾಲದು. ಸಣ್ಣ ಕೈಗಾರಿಕೆಗಳ ‘ಉದ್ಯಮ್’ ನೋಂದಣಿಗೆ ಸರ್ಕಾರವು ಯಾವ ಶುಲ್ಕವನ್ನೂ ವಿಧಿಸಿಲ್ಲ. ಸರ್ಕಾರಿ ಶುಲ್ಕವೆಂದು ಹಣ ಕೇಳುವ ತಾಣವು ಸರ್ಕಾರದ್ದಲ್ಲ.

4. ನಿಯಮ ಯಾರಿಗೆ ಅನ್ವಯ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಜಮೆಗಳ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟಿಸು ನೀಡಿದಾಗ, ಬೆಂಗಳೂರಿನ ಅನೇಕ ಅಂಗಡಿಗಳು ಕ್ಯೂ.ಆರ್. ಫಲಕಗಳನ್ನೇ ತೆಗೆದವು. ಆದರೆ ತೆರಿಗೆ ಇರುವುದು ವಹಿವಾಟಿನ ಮೇಲೆ, ಹಣ ಪಡೆದ ವಿಧಾನದ ಮೇಲಲ್ಲ. ನೋಂದಣಿಯ ಮಿತಿ ಸರಕಿಗೆ ವಾರ್ಷಿಕ ರೂ. 40 ಲಕ್ಷ, ಸೇವೆಗೆ ರೂ. 20 ಲಕ್ಷ. ತಾಜಾ ಹಣ್ಣು-ತರಕಾರಿಯಂಥ ವಿನಾಯಿತಿ ಸರಕುಗಳನ್ನಷ್ಟೇ ಮಾರುವವನಿಗೆ ನೋಂದಣಿಯ ಅಗತ್ಯವಿಲ್ಲ. ಹಾಗೆಂದು ‘40 ಲಕ್ಷದವರೆಗೆ ಚಿಂತೆಯಿಲ್ಲ’ ಎಂಬ ಮಾತೂ ಪೂರ್ತಿ ನಿಜವಲ್ಲ. ಮುಳಬಾಗಿಲಿನಿಂದ ಗಡಿಯಾಚೆಗೆ ತೆರಿಗೆಯುಕ್ತ ಸರಕು ಮಾರುವವನು, ವಹಿವಾಟು ಎಷ್ಟೇ ಇರಲಿ, ಸಾಮಾನ್ಯವಾಗಿ ನೋಂದಾಯಿಸಿಕೊಳ್ಳಲೇಬೇಕು.

ಒಟ್ಟಿನಲ್ಲಿ, ಹಾನಿಗೆ ಕಾರಣವಾಗುವುದು ಹಸೀ ಸುಳ್ಳಿಗಿಂತ ಅರ್ಧ ಸತ್ಯವೇ ಹೆಚ್ಚು. ಓದಿ ಸುಮ್ಮನಿರುವ ಸುದ್ದಿಗೆ ಇಷ್ಟು ಶ್ರಮ ಬೇಡ. ಹಣ, ಸರಕು ಅಥವಾ ಸಹಿ ಕೈಬಿಡುವ ಮುನ್ನ ಮಾತ್ರ ಈ ಪರಿಶೀಲನೆ ತಪ್ಪಬಾರದು. ಹಳೆಯ ಸರಬರಾಜುದಾರನ ಬ್ಯಾಂಕ್ ಖಾತೆ ಬದಲಾಗಿದೆಯೆಂದು ಸಂದೇಶ ಬಂದರೆ, ಅದರಲ್ಲಿರುವ ಸಂಖ್ಯೆಗಲ್ಲ, ಲೆಕ್ಕದ ಪುಸ್ತಕದಲ್ಲಿರುವ ಹಳೆಯ ಸಂಖ್ಯೆಗೆ ಕರೆ ಮಾಡಬೇಕು. ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ದೂರು ನೀಡಿ, ಬ್ಯಾಂಕಿಗೂ ತಿಳಿಸತಕ್ಕದ್ದು.